ಸಾಕ್ಷ್ಯಚಿತ್ರ ಮತ್ತು ಪ್ರೇಕ್ಷಕರ ಸಾಕ್ಷ್ಯ : ಒಂದು ಕರಡು ಪ್ರಶ್ನಾವಳಿಯ ಪರಾಮರ್ಶೆ

ವಿದ್ಯಾರ್ಥಿಗಳ ಮನಸ್ಸಿನ ಸ್ವಾಸ್ಥ್ಯವನ್ನು ವಸ್ತುವಾಗಿ ಉಳ್ಳ ಸಾಕ್ಷ್ಯಚಿತ್ರಗಳು ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ರಾಜಸ್ಥಾನದ ಕೋಟಾ ಪಟ್ಟಣದಲ್ಲಿ ತರಬೇತಿಗೆ ಸೇರಿದ ಹುಡುಗರನ್ನು ಕುರಿತ 'ಆ್ಯನ್ ಎಂಜಿನಿಯರ್ಡ್ ಡ್ರೀಮ್' ಎಂಬ ಚಿತ್ರಕ್ಕೆ ೨೦೧೯ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ದೊರೆತುದು ಅನೇಕರಿಗೆ ತಿಳಿದ ಸಂಗತಿ. ಇಂಥ ಚಿತ್ರಗಳನ್ನು ಕಾಲೇಜುಗಳಲ್ಲಿ ತೋರಿಸುವುದೂ, ತೋರಿಸಿದ ಬೆನ್ನಿಗೆ ಪ್ರೇಕ್ಷಕರಿಂದ ಒಂದು ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುವುದೂ ಈಗ ವಾಡಿಕೆಯಾಗುತ್ತಿದೆ. ಅಂಥದೊಂದು ಕನ್ನಡ ಚಿತ್ರವನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ಪದವಿಪೂರ್ವ ಹಾಗೂ ಪದವಿ ಕಾಲೇಜುಗಳಲ್ಲಿ ತೋರಿಸಿ ಅದರ ಪರಿಣಾಮವನ್ನು ಅಳೆಯಬೇಕೆಂಬ ಉದ್ದೇಶದಿಂದ ಸಿದ್ಧವಾದ ಇಪ್ಪತ್ತೆರಡು ಪ್ರಶ್ನೆಗಳ ಒಂದು ಕರಡು ಈಚೆಗೆ ನಮ್ಮ ಪರಿಶೀಲನೆಗೆ ಬಂದಿತು. ಸಿದ್ಧಪಡಿಸಿದವರ ಹೆಸರು ಇಲ್ಲಿ ಅನಾವಶ್ಯಕ. ಅವರ ಉದ್ದೇಶ ಪ್ರಾಮಾಣಿಕವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕರಡಿನ ದೋಷಗಳು ಅವರೊಬ್ಬರವೂ ಅಲ್ಲ, ಈ ಬಗೆಯ ಬಹುಪಾಲು ಪ್ರಶ್ನಾವಳಿಗಳಿಗೆ ಸಮಾನವಾದವು.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಭರ್ತಿಯಾದ ಪ್ರಶ್ನಾವಳಿಯೂ ಒಂದು ಆಕರವೇ. ಅದನ್ನು ಬರೆದವರು ಯಾರು, ಯಾರ ಸಮ್ಮುಖದಲ್ಲಿ ಬರೆದರು, ಯಾವ ಭಾಷೆಯಲ್ಲಿ ಬರೆದರು, ಬರೆಯದೆ ಬಿಟ್ಟವರು ಯಾರು ಎಂಬ ಪ್ರಶ್ನೆಗಳನ್ನು ಶಾಸನದ ಮುಂದೆ ನಿಂತಾಗ ನಾವು ಕೇಳುವಂತೆಯೇ ಇದರ ಮುಂದೆಯೂ ಕೇಳಬೇಕಾಗುತ್ತದೆ. ಬಸವಕಲ್ಯಾಣದ ನೆಲದಲ್ಲಿ ನಿಂತು ಈ ಮಾತನ್ನು ಹೇಳುವುದಕ್ಕೆ ವಿಶೇಷ ಕಾರಣವೂ ಉಂಟು. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ಚಾಲುಕ್ಯ ಒಂದನೆಯ ಸೋಮೇಶ್ವರನು ೧೦೬೮ರಲ್ಲಿ ರೋಗಪೀಡಿತನಾಗಿ ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದನು. ಬಿಲ್ಹಣನ ಕಾವ್ಯದಲ್ಲಿ ಅದು ಪುಣ್ಯಕಾರ್ಯವಾಗಿ ವರ್ಣಿತವಾಗಿದೆ. ಅರಸನ ನೋವು ಎಷ್ಟಿತ್ತೆಂಬುದನ್ನು ಅರಿಯಲು ಅಲ್ಲಿ ನಮಗೆ ದಾರಿಯಿಲ್ಲ; ಅವನ ಮಗನ ಆಸ್ಥಾನಕ್ಕೆ ಯಾವ ಬಗೆಯ ಬರಹ ಒಪ್ಪಿಗೆಯಾಗುತ್ತಿತ್ತೆಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಾಲದ ದಾಖಲೆಗಳು ಇದಕ್ಕಿಂತ ಬಹಳ ಮುಂದೆ ಹೋಗಿವೆಯೆಂದು ಹೇಳಲಾರೆವು. 'ಹೊಟ್ಟೆನೋವು ತಾಳಲಾರದೆ' ಎಂಬ ಪದಪುಂಜವನ್ನು ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಓದದವರು ಯಾರೂ ಇರಲಾರರು. ಅದು ವೈದ್ಯರ ನಿರ್ಣಯವಲ್ಲ, ಮನೆಯವರ ಮಾನ ಕಾಯುವ ಒಂದು ಸೂತ್ರವಾಕ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಲೆಕ್ಕದಂತೆ ೨೦೨೨ರಲ್ಲಿ ದೇಶದಲ್ಲಿ ೧೩,೦೪೪ ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮಡಿದರು. ಆ ವರ್ಷದ ಒಟ್ಟು ಆತ್ಮಹತ್ಯೆಗಳಲ್ಲಿ ಇದು ಶೇಕಡಾ ೭.೬. ಈ ಸಂಖ್ಯೆಯೂ ಠಾಣೆಗಳಲ್ಲಿ ಬರೆಯಲ್ಪಟ್ಟ ಕಾರಣಗಳ, ಕಾಲಮುಗಳ ಮೇಲೆ ನಿಂತುದು. ವಿಷಯ ಇಷ್ಟು ಗಂಭೀರವಾಗಿರುವಲ್ಲಿ, ಮತ್ತೊಂದು ಬಗೆಯ ಸೂತ್ರವಾಕ್ಯಗಳನ್ನು ಉತ್ಪಾದಿಸುವ ಸಮೀಕ್ಷೆಯಿಂದ ಯಾರಿಗೂ ಹಿತವಾಗದು.

ಕರಡಿನ ಸ್ವರೂಪ ಹೀಗಿದೆ. ಮೊದಲ ಐದು ಪ್ರಶ್ನೆಗಳು ಉತ್ತರ ಕೊಡುವವರ ಪರಿಚಯಕ್ಕೆ ಸಂಬಂಧಿಸಿದವು: ಹೆಸರು (ಇಷ್ಟವಿದ್ದರೆ), ಕಾಲೇಜು, ತರಗತಿ, ಲಿಂಗ, ಮೀಸಲಾತಿ ವರ್ಗ. ಮುಂದಿನ ಎಂಟು ಚಿತ್ರವನ್ನು ಕುರಿತವು: ಚಿತ್ರ ನಿಮಗೆ ಎಷ್ಟು ಇಷ್ಟವಾಯಿತು, ಎಷ್ಟು ಉಪಯುಕ್ತ, ನಿಮ್ಮ ಅರಿವು ಹೆಚ್ಚಿತೇ, ಗೆಳೆಯರಿಗೆ ನೋಡಲು ಹೇಳುವಿರಾ, ಇತ್ಯಾದಿ. ಕೊನೆಯ ಒಂಬತ್ತು ವಿದ್ಯಾರ್ಥಿಯ ಸ್ವಂತ ಮನಃಸ್ಥಿತಿಯನ್ನು ವಿಚಾರಿಸುತ್ತವೆ. ಇವು ೨೦೦೧ರಲ್ಲಿ ಅಮೆರಿಕದ ಕ್ರೋಯೆಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬುವರು ಪ್ರಕಟಿಸಿದ ಪಿ.ಎಚ್.ಕ್ಯೂ.–೯ ಎಂಬ ಅಳತೆಗೋಲಿನ ಅನುವಾದ. ಚಿತ್ರ ಮುಗಿದ ಕೂಡಲೆ ತರಗತಿಯ ಅಧ್ಯಾಪಕರು ಹಾಳೆಗಳನ್ನು ಹಂಚಿ, ಹತ್ತು ನಿಮಿಷದಲ್ಲಿ ಮರಳಿ ಪಡೆಯಬೇಕೆಂದು ಸೂಚನೆಯಿದೆ.

ಮೊದಲು ಈ ಕೊನೆಯ ಸೂಚನೆಯನ್ನೇ ವಿಚಾರಿಸೋಣ. ಉಳಿದ ದೋಷಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿದವು. ಆಂತರಿಕ ಅಂಕಗಳನ್ನು ಕೊಡತಕ್ಕ ಅಧ್ಯಾಪಕರು ಬಾಗಿಲಲ್ಲಿ ನಿಂತಿರುವಾಗ, ಕಾಲೇಜೇ ಏರ್ಪಡಿಸಿದ ಚಿತ್ರವನ್ನು 'ಅತ್ಯಂತ ಉಪಯುಕ್ತ' ಎನ್ನದೆ ಬೇರೆ ಏನನ್ನಾದರೂ ಗುರುತಿಸುವ ವಿದ್ಯಾರ್ಥಿ ಅಪರೂಪ. ಅವನು ಸುಳ್ಳು ಹೇಳುತ್ತಿದ್ದಾನೆಂದು ನಾವು ಹೇಳುತ್ತಿಲ್ಲ. ಅವನು ಮರ್ಯಾದೆ ತೋರುತ್ತಿದ್ದಾನೆ. ದಾನಶಾಸನದ ಪ್ರಶಸ್ತಿಭಾಗದಲ್ಲಿ ಅರಸನು ಸಮಸ್ತ ಭುವನಾಶ್ರಯನೆಂದು ಬರೆದಿದ್ದರೆ ಅವನು ಭುವನವನ್ನೆಲ್ಲ ಆಳಿದನೆಂದು ನಾವು ತಿಳಿಯುವುದಿಲ್ಲ. ಆ ಮಾತು ಆ ಬಗೆಯ ಬರಹದ ಕಟ್ಟಳೆಯೆಂದು ಪಕ್ಕಕ್ಕಿರಿಸಿ, ದತ್ತಿಯ ವಿವರವಿರುವ ಭಾಗಕ್ಕೆ ಹೋಗುತ್ತೇವೆ. ಕರಡಿನ ಆರರಿಂದ ಹದಿಮೂರರ ವರೆಗಿನ ಪ್ರಶ್ನೆಗಳು ಪ್ರೇಕ್ಷಕರಿಂದ ಪ್ರಶಸ್ತಿಯನ್ನಷ್ಟೇ ಬೇಡುತ್ತವೆ. ದತ್ತಿಯ ಭಾಗವೇ ಅಲ್ಲಿಲ್ಲ. ನೂರಕ್ಕೆ ತೊಂಬತ್ತು ಮಂದಿ ಚಿತ್ರವನ್ನು ಮೆಚ್ಚಿದರೆಂಬ ವರದಿಯನ್ನು ಚಿತ್ರ ತೋರಿಸುವ ಮೊದಲೇ ಬರೆದಿಡಬಹುದು.

ಈ ತೊಡಕನ್ನು ಮೊದಲು ಎದುರಿಸಿದವರು ಇಂದಿನವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯು ತನ್ನ ಸೈನಿಕರಿಗೆ ತೋರಿಸಿದ ಚಿತ್ರಗಳ ಪರಿಣಾಮವನ್ನು ಕಾರ್ಲ್ ಹವ್‌ಲ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ ೧೯೪೯ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಚಿತ್ರ ನೋಡಿದ ತುಕಡಿಗಳನ್ನು ನೋಡದ ತುಕಡಿಗಳೊಡನೆ ಹೋಲಿಸಿದರು, ಹೆಸರು ಬರೆಸಲಿಲ್ಲ, ಮುಖ್ಯವಾಗಿ, ಪ್ರಶ್ನಾವಳಿಗೂ ಚಿತ್ರಕ್ಕೂ ಸಂಬಂಧವಿದೆಯೆಂಬುದು ಸೈನಿಕರಿಗೆ ಹೊಳೆಯದಂತೆ ಅದನ್ನು ಬೇರೊಂದು ಸಾಮಾನ್ಯ ಸಮೀಕ್ಷೆಯ ರೂಪದಲ್ಲಿ ಕೊಟ್ಟರು. ಬ್ರಿಟನ್ನಿನ ಮೇಲಿನ ವಾಯುಯುದ್ಧವನ್ನು ಕುರಿತ ಚಿತ್ರದಿಂದ ಸೈನಿಕರಿಗೆ ಸಂಗತಿಗಳು ಚೆನ್ನಾಗಿ ತಿಳಿದವು, ಕೆಲವು ನಿರ್ದಿಷ್ಟ ಅಭಿಪ್ರಾಯಗಳೂ ಬದಲಾದವು, ಆದರೆ ಹೋರಾಡುವ ಉತ್ಸಾಹ ಮಾತ್ರ ಹೆಚ್ಚಲಿಲ್ಲ. ಐದು ದಿನಗಳ ಮೇಲೆ ಕೇಳಿದಾಗಲೂ ಒಂಬತ್ತು ವಾರಗಳ ಮೇಲೆ ಕೇಳಿದಾಗಲೂ ಬಂದ ಉತ್ತರಗಳು ಒಂದೇ ಆಗಿರಲಿಲ್ಲ: ಸಂಗತಿಗಳು ಮರೆತುಹೋಗುತ್ತಿದ್ದಂತೆ ಕೆಲವು ಅಭಿಪ್ರಾಯಗಳು ಇನ್ನಷ್ಟು ಬಲಿತಿದ್ದವು. ಚಿತ್ರ ಮುಗಿದು ದೀಪ ಹತ್ತಿದ ಹತ್ತು ನಿಮಿಷದಲ್ಲಿ ದೊರೆತ ಉತ್ತರಕ್ಕೆ ಎಷ್ಟು ಬೆಲೆಯೆಂಬುದನ್ನು ಇದರಿಂದ ಊಹಿಸಬಹುದು.

ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ, ಮತ್ತು ಹೆಚ್ಚು ಕಹಿಯಾದ ಉದಾಹರಣೆ ಕೆನಡಾದ್ದು. ಎಲೇನ್ ಮತ್ತು ಜಾನ್ ಕಮಿಂಗ್ ದಂಪತಿಗಳು ೧೯೫೧ರಲ್ಲಿ ಅಲ್ಲಿನ ಹುಲ್ಲುಗಾವಲಿನ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ ಮಾನಸಿಕ ರೋಗಿಗಳ ಬಗೆಗಿನ ಜನರ ಭಾವನೆಯನ್ನು ತಿದ್ದಲು ಆರು ತಿಂಗಳು ಚಲನಚಿತ್ರ, ರೇಡಿಯೋ, ಚರ್ಚಾಕೂಟಗಳನ್ನು ನಡೆಸಿದರು. ಮೊದಲೊಮ್ಮೆ, ಕೊನೆಗೊಮ್ಮೆ ಸಮೀಕ್ಷೆ ಮಾಡಿದರು. ಭಾವನೆಗಳಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ಬದಲಾಗಿ ಮೊದಲು ಸೌಜನ್ಯದಿಂದ ಬರಮಾಡಿಕೊಂಡ ಊರೇ ಕೊನೆಯ ಸಮೀಕ್ಷೆಗೆ ಬಂದವರ ಮೇಲೆ ಮುನಿದು ಬಾಗಿಲು ಹಾಕಿಕೊಂಡಿತು. ೧೯೫೭ರಲ್ಲಿ ಪ್ರಕಟವಾದ ಅವರ ಗ್ರಂಥದ ಹಿರಿಮೆಯಿರುವುದು ಈ ಸೋಲನ್ನು ಮುಚ್ಚಿಡದೆ ಅದರ ಕಾರಣವನ್ನು ವಿಚಾರಿಸಿದುದರಲ್ಲಿ. ಸ್ವಸ್ಥರಿಗೂ ಅಸ್ವಸ್ಥರಿಗೂ ನಡುವೆ ಸ್ಪಷ್ಟವಾದ ಗೆರೆಯಿಲ್ಲವೆಂಬ ಉಪದೇಶ ಜನರಿಗೆ ಸಮಾಧಾನವನ್ನು ಕೊಡಲಿಲ್ಲ, ಭಯವನ್ನು ಕೊಟ್ಟಿತು. ಕರಡಿನಲ್ಲಿ ಚಿತ್ರ ನೋಡಿ ನಿಮಗೆ ಅಂಜಿಕೆಯಾಯಿತೇ, ಸಿಟ್ಟು ಬಂದಿತೇ, ಎದ್ದುಹೋಗಬೇಕೆನಿಸಿತೇ ಎಂಬ ಒಂದು ಪ್ರಶ್ನೆಯೂ ಇಲ್ಲ. ಅಪಾಯವನ್ನು ಅಳೆಯದ ಸಮೀಕ್ಷೆ ಪ್ರಯೋಜನವನ್ನು ಅಳೆದೆನೆಂದು ಹೇಳಿಕೊಳ್ಳಲಾಗದು.

ಪರದೇಶದ ಮಾತು ಏಕೆ ಎನ್ನುವವರಿಗೆ ಮನೆಯ ಬಾಗಿಲಿನ ಉದಾಹರಣೆಯೇ ಇದೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳನ್ನು ಆರಿಸಿಕೊಳ್ಳಲಾಗಿತ್ತು. ಕರ್ನಾಟಕದ ಪಾಲಿಗೆ ಬಂದುವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಗುಲಬರ್ಗಾ ಜಿಲ್ಲೆಯ ಸೀಮೆ ಹುಮನಾಬಾದಿನ ಸೀಮೆಗೆ ಹತ್ತಿದುದು. ಈ ಪ್ರಯೋಗದ ಮೌಲ್ಯಮಾಪನವನ್ನು ಇಂದಿಗೂ ನಮ್ಮ ದೇಶದ ಪ್ರೇಕ್ಷಕ ಸಂಶೋಧನೆಯ ಮಾದರಿಯೆಂದು ನಾವು ಎಣಿಸುತ್ತೇವೆ. ದೂರದರ್ಶನ ಬಂದ ಹಳ್ಳಿಗಳನ್ನು ಬಾರದ ಹಳ್ಳಿಗಳೊಡನೆ ಹೋಲಿಸಲಾಯಿತು. ಪ್ರಸಾರಕ್ಕೆ ಮೊದಲೂ ನಡುವೆಯೂ ಕೊನೆಗೂ ಪ್ರಶ್ನಿಸಲಾಯಿತು. ಅಕ್ಷರ ಬಾರದವರನ್ನು ಬಾಯಿಮಾತಿನಲ್ಲಿ ವಿಚಾರಿಸಲಾಯಿತು. ಇದೆಲ್ಲಕ್ಕಿಂತ ಮಿಗಿಲಾಗಿ ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ಬಹುಕಾಲ ವಾಸವಾಗಿದ್ದು ಜನ ನಿಜವಾಗಿ ಏನು ನೋಡುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ ಎಂಬುದನ್ನು ಬರೆದಿಟ್ಟರು. ಆರಂಭದ ಕುತೂಹಲ ಇಳಿದೊಡನೆ ಪ್ರೇಕ್ಷಕರ ಸಂಖ್ಯೆಯೂ ಇಳಿಯಿತೆಂಬುದು ಗೊತ್ತಾದುದು ಹೀಗೆ. ಆದರೆ ಆ ಪ್ರಯೋಗದ ಒಂದು ಕೊರತೆಯನ್ನೂ ಹೇಳಬೇಕು. ಗುಲಬರ್ಗಾ ಸೀಮೆಯ ಹಳ್ಳಿಗಳಿಗಾಗಿ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಕೇಳುವವರ ಮಾತು ಒಂದು ಕಡೆ, ಮಾತನ್ನು ಸಿದ್ಧಪಡಿಸುವವರು ಇನ್ನೊಂದು ಕಡೆ. ಅರ್ಧ ಶತಮಾನದ ಮೇಲೆ ಬಂದಿರುವ ಈ ಕರಡಿನಲ್ಲಿಯೂ ಅದೇ ದೂರ ಉಳಿದಿದೆ. ಹೈದರಾಬಾದಿನ ಸ್ಥಾನವನ್ನು ಈಗ ಬೆಂಗಳೂರು ತೆಗೆದುಕೊಂಡಿದೆ, ಅಷ್ಟೆ.

ಕರಡಿನ ಹದಿನಾಲ್ಕನೆಯ ಪ್ರಶ್ನೆಯಲ್ಲಿ 'ಖಿನ್ನತೆ' ಎಂಬ ಶಬ್ದವಿದೆ. ಮುಂದೆ 'ನಿರಾಸಕ್ತಿ', 'ಆತಂಕ', 'ಏಕಾಗ್ರತೆಯ ಕೊರತೆ' ಬರುತ್ತವೆ. ಶುದ್ಧವಾದ ಗ್ರಂಥಭಾಷೆಯೇ ಸರಿ. ಆದರೆ ಈ ಎರಡು ಊರುಗಳ ಹುಡುಗನೊಬ್ಬ ತನ್ನ ಗೆಳೆಯನಿಗೆ 'ನನಗೆ ಖಿನ್ನತೆ ಉಂಟಾಗಿದೆ' ಎಂದು ಹೇಳುವುದನ್ನು ನಾವಂತೂ ಕೇಳಿಲ್ಲ. 'ಬ್ಯಾಸರ ಆಗ್ಯದ', 'ತಲಿ ಕೆಟ್ಟದ', 'ಮನಸ್ಸಿಗಿ ಸಮಾಧಾನ ಇಲ್ಲ' ಎನ್ನುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ 'ಟೆನ್ಷನ್' ಎನ್ನುತ್ತಾನೆ, ಮತ್ತು ಆ ಒಂದು ಶಬ್ದದಲ್ಲಿ ಪರೀಕ್ಷೆಯ ಭಯದಿಂದ ಹಿಡಿದು ಮನೆಯ ಸಾಲದ ವರೆಗೆ ಎಲ್ಲವೂ ಅಡಗಿರುತ್ತದೆ. ದಖನಿ ಉರ್ದು ಮಾತನಾಡುವ ಹುಡುಗಿ 'ದಿಲ್ ನೈ ಲಗ್ರಾ' ಎನ್ನುತ್ತಾಳೆ, 'ಪರೇಶಾನ್' ಎನ್ನುತ್ತಾಳೆ. ಮರಾಠಿ ಮನೆಮಾತಿನವರು 'ಮನ ಲಾಗತ್ ನಾಹಿ' ಎಂದಾರು. ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಆತುಕೊಂಡ ಬೀದರ್ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತುಗಳು ಒಂದೇ ತರಗತಿಯ ಬೆಂಚಿನ ಮೇಲೆ ಕುಳಿತಿರುತ್ತವೆ. ಅದರಲ್ಲಿಯೂ 'ಮಾನಸಿಕ' ಎಂಬ ವಿಶೇಷಣ ವಿದ್ಯಾರ್ಥಿಯ ಕಿವಿಗೆ 'ಮೆಂಟಲ್' ಎಂಬ ಬೈಗುಳದ ಸಂಸ್ಕೃತ ರೂಪವಾಗಿಯೇ ಕೇಳಿಸುತ್ತದೆ. ಮನಸ್ಸಿನ ಏರುಪೇರುಗಳನ್ನು ಆಡುಮಾತಿನಲ್ಲಿಯೇ ಹೇಳಿದ ವಚನಕಾರರು ಕೂಡಿದ್ದ ಊರಿಗೆ ಮನಸ್ಸನ್ನು ಕುರಿತ ಪ್ರಶ್ನಾವಳಿಯೊಂದು ಯಾರೂ ಆಡದ ಮಾತಿನಲ್ಲಿ ಬಂದಿರುವುದು ವಿಚಿತ್ರವೇ.

ಪರಿಹಾರ ಸುಲಭವಿಲ್ಲ, ಆದರೆ ಸ್ಪಷ್ಟವಾಗಿದೆ. ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಇಳಿಸಬಾರದು. ಇಲ್ಲಿಯ ವಿದ್ಯಾರ್ಥಿಗಳ ಸಣ್ಣ ಗುಂಪುಗಳೊಡನೆ ಮಾತನಾಡಿ ಅವರು ಬಳಸುವ ಶಬ್ದಗಳನ್ನು ಮೊದಲು ಸಂಗ್ರಹಿಸಬೇಕು. ಆ ಶಬ್ದಗಳಿಂದ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಮರಾಠಿಯಲ್ಲಿಯೂ ಪ್ರತ್ಯೇಕವಾಗಿ ಪ್ರಶ್ನೆಗಳನ್ನು ಕಟ್ಟಬೇಕು. ಆಮೇಲೆ ಹತ್ತು ಹದಿನೈದು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು 'ಈ ಪ್ರಶ್ನೆ ನಿನಗೆ ಏನು ಕೇಳುತ್ತಿದೆ, ನಿನ್ನ ಮಾತಿನಲ್ಲಿ ಹೇಳು' ಎಂದು ಒಂದೊಂದನ್ನೂ ಪರೀಕ್ಷಿಸಬೇಕು. ಲಂಬಾಣಿ ಮನೆಮಾತಿನವರಿಗೆ ಪ್ರಶ್ನೆಗಳನ್ನು ಧ್ವನಿಮುದ್ರಿಸಿ ಕೇಳಿಸುವುದು ಯುಕ್ತ. ಹಾಳೆಯ ಉತ್ತರಗಳು ಗುರುತು ಹಾಕುವಷ್ಟರಲ್ಲಿ ಮುಗಿಯಬೇಕು. ವಾಕ್ಯ ಬರೆಯಿಸಿದರೆ ಅಕ್ಷರದ ಗುರುತು ಅಧ್ಯಾಪಕರಿಗೆ ಹತ್ತದೆ ಇರದು.

ಇನ್ನು ಕೊನೆಯ ಒಂಬತ್ತು ಪ್ರಶ್ನೆಗಳ ವಿಚಾರ. ಇದು ನಮ್ಮ ಮುಖ್ಯ ಆಕ್ಷೇಪಣೆ. ಪಿ.ಎಚ್.ಕ್ಯೂ.–೯ ಒಳ್ಳೆಯ ಅಳತೆಗೋಲು. ಆಸ್ಪತ್ರೆಗೆ ಬಂದವರಲ್ಲಿ ಹೆಚ್ಚಿನ ಪರೀಕ್ಷೆ ಯಾರಿಗೆ ಬೇಕೆಂದು ವೈದ್ಯರು ಗುರುತಿಸುವುದಕ್ಕೆ ಅದು ಹುಟ್ಟಿತು. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಅದು ಕೇಳುತ್ತದೆ. ಅರ್ಧ ಗಂಟೆಯ ಚಿತ್ರ ಕಳೆದ ಎರಡು ವಾರಗಳನ್ನು ಹೇಗೆ ಬದಲಾಯಿಸೀತು? ಆದಕಾರಣ ಚಿತ್ರದ ಪರಿಣಾಮವನ್ನು ಅಳೆಯಲು ಅದು ನಿರುಪಯೋಗಿ. ಅಪಾಯವಿರುವುದು ಅದರ ಒಂಬತ್ತನೆಯ ಪ್ರಶ್ನೆಯಲ್ಲಿ. ಸತ್ತರೇ ಮೇಲೆಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂಬ ಯೋಚನೆ ಬಂದಿತೇ ಎಂದು ಅಲ್ಲಿ ವಿಚಾರಿಸಲಾಗಿದೆ. ಹೀಗೆ ಕೇಳುವುದೇ ಆ ಯೋಚನೆಯನ್ನು ಬಿತ್ತುತ್ತದೆಂಬ ಲೋಕದ ಭಯವನ್ನು ನಾವು ಒಪ್ಪುವುದಿಲ್ಲ. ನ್ಯೂಯಾರ್ಕ್ ರಾಜ್ಯದ ೨,೩೪೨ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಮ್ಯಾಡಲಿನ್ ಗೌಲ್ಡ್ ಮತ್ತು ಸಂಗಡಿಗರು ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆ ಭಯಕ್ಕೆ ಆಧಾರ ದೊರೆಯಲಿಲ್ಲ. ನಮ್ಮ ಆಕ್ಷೇಪಣೆ ಬೇರೆ. ಹಾಳೆ ಅನಾಮಧೇಯವಾಗಿದ್ದರೆ, ಆ ಪ್ರಶ್ನೆಗೆ 'ಹೌದು, ದಿನವೂ' ಎಂದು ಗುರುತು ಮಾಡಿದ ವಿದ್ಯಾರ್ಥಿ ಯಾರೆಂದು ತಿಳಿಯುವ ಉಪಾಯವಿಲ್ಲ. ಹಾಳೆ ಪೆಟ್ಟಿಗೆ ಸೇರುತ್ತದೆ, ಅವನು ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ. ಹಾಳೆಯಲ್ಲಿ ಹೆಸರಿದ್ದರೆ ಅವನು ಆ ಗುರುತನ್ನು ಮಾಡುವುದೇ ಇಲ್ಲ. ಮಾಡಿದರೆ ಸಂಜೆಯೊಳಗೆ ಸಿಬ್ಬಂದಿಯ ಕೊಠಡಿಯಲ್ಲಿ ಮಾತಾಗುತ್ತದೆ. ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕೇಳಿದವರು ಕೇಳಿದ ಮಾತಿನ ಹೊಣೆಯನ್ನು ಹೊರಲಾರರು. ಪ್ರೇಕ್ಷಕರ ಸಮೀಕ್ಷೆ ಚಿತ್ರವನ್ನು ಪರೀಕ್ಷಿಸಬೇಕು, ವಿದ್ಯಾರ್ಥಿಯನ್ನಲ್ಲ. ಆ ಒಂಬತ್ತು ಪ್ರಶ್ನೆಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ.

ತೆಗೆದುಹಾಕಲು ಇನ್ನೊಂದು ಕಾರಣವೂ ಇದೆ. ಮನಸ್ಸಿನ ಸಂಕಟಗಳನ್ನು ಕುರಿತು ಅರಿವು ಹೆಚ್ಚಿದಂತೆ ಸಾಮಾನ್ಯವಾದ ಬೇಸರವನ್ನೂ ರೋಗವೆಂದು ಹೆಸರಿಸುವ ಪ್ರವೃತ್ತಿ ಹೆಚ್ಚಬಹುದೆಂದು ಮನಶ್ಶಾಸ್ತ್ರಜ್ಞರಾದ ಲೂಸಿ ಫೌಲ್ಕ್ಸ್ ಮತ್ತು ಜ್ಯಾಕ್ ಆ್ಯಂಡ್ರೂಸ್ ೨೦೨೩ರಲ್ಲಿ ಒಂದು ಊಹೆಯನ್ನು ಮುಂದಿಟ್ಟಿದ್ದಾರೆ. ಊಹೆ ಸಿದ್ಧಾಂತವಲ್ಲ. ಆದರೆ ಚಿತ್ರ ನೋಡಿದ ಮೇಲೆ ಹೆಚ್ಚು ಮಂದಿ 'ನನಗೆ ತೊಂದರೆಯಿದೆ' ಎಂದರೆ, ಮುಚ್ಚಿಟ್ಟ ನೋವು ಹೊರಗೆ ಬಂದಿತೆಂದು ತಿಳಿಯಬೇಕೇ ಅಥವಾ ಹೊಸ ಹೆಸರೊಂದು ಸಿಕ್ಕಿತೆಂದು ತಿಳಿಯಬೇಕೇ ಎಂಬುದನ್ನು ಈ ಹಾಳೆಗಳಿಂದ ನಿರ್ಣಯಿಸಲಾಗದು.

ಹಾಗಾದರೆ ಏನನ್ನು ಕೇಳಬೇಕು? ಪರೀಕ್ಷಿಸಿ ನೋಡಬಹುದಾದ ಸಂಗತಿಗಳನ್ನು. ಸಹಾಯವಾಣಿಯ ಸಂಖ್ಯೆ ಯಾವುದು. ಕರೆ ಮಾಡಿದರೆ ಹಣ ಕೊಡಬೇಕೇ. ಗೆಳೆಯನೊಬ್ಬ ಊಟ ಬಿಟ್ಟು, ತರಗತಿ ಬಿಟ್ಟು, ತನ್ನ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ ಮೊದಲು ಯಾರಿಗೆ ಹೇಳುವೆ. ಕಳೆದ ಆರು ವಾರಗಳಲ್ಲಿ ಇಂಥ ವಿಷಯವನ್ನು ಯಾರೊಡನೆಯಾದರೂ ಮಾತನಾಡಿದೆಯಾ, ಯಾರೊಡನೆ. ಈ ಕೊನೆಯ ಪ್ರಶ್ನೆಗೆ ಕರಡಿನ ಧೋರಣೆಯಲ್ಲಿ 'ವೈದ್ಯರು, ಆಪ್ತಸಮಾಲೋಚಕರು, ಯಾರೂ ಇಲ್ಲ' ಎಂಬ ಮೂರೇ ಉತ್ತರಗಳನ್ನು ಕೊಟ್ಟರೆ ಸತ್ಯಕ್ಕೆ ದೂರವಾಗುತ್ತದೆ. ಹುಮನಾಬಾದಿನ ಹತ್ತಿರದ ಮಾಣಿಕನಗರಕ್ಕೆ, ವೀರಭದ್ರೇಶ್ವರನ ಗುಡಿಗೆ, ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾಕ್ಕೆ, ಮಠಗಳಿಗೆ ಮನಸ್ಸಿನ ಭಾರವನ್ನು ಹೊತ್ತು ಹೋಗುವವರಲ್ಲಿ ಕಾಲೇಜಿನ ಹುಡುಗರು ಇಲ್ಲವೆಂದಿಲ್ಲ. ಮತಭೇದವಿಲ್ಲದೆ ಹೋಗುವುದೂ ಈ ಸೀಮೆಯ ಹಳೆಯ ರೂಢಿ. ಅಕ್ಕ, ಮಾವ, ಊರಿನ ಆಶಾ ಕಾರ್ಯಕರ್ತೆ, ಬಸ್ಸಿನಲ್ಲಿ ಜೊತೆಗೆ ಬರುವ ಗೆಳತಿ, ಇವರೆಲ್ಲರಿಗೂ ಪಟ್ಟಿಯಲ್ಲಿ ಸ್ಥಳವಿರಬೇಕು. ಇಲ್ಲದಿದ್ದರೆ ಹಲವರ ಬಳಿ ಹೋದವನೂ 'ಯಾರೂ ಇಲ್ಲ' ಎಂಬ ಮನೆಯಲ್ಲಿ ಗುರುತು ಹಾಕುತ್ತಾನೆ, ಮತ್ತು ಇಲ್ಲಿಯ ಜನ ಸಹಾಯವನ್ನೇ ಹುಡುಕುವುದಿಲ್ಲವೆಂಬ ವರದಿ ರಾಜಧಾನಿಗೆ ಹೋಗುತ್ತದೆ.

ಚಿತ್ರ 'ಸಹಾಯ ಪಡೆಯಿರಿ' ಎಂದು ಹೇಳುವುದಾದರೆ ಆ ಸಹಾಯ ಎಲ್ಲಿದೆಯೆಂಬುದೂ ಸಮೀಕ್ಷೆಯ ಭಾಗವಾಗಬೇಕು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ, ಜಿಲ್ಲೆಯ ಮಟ್ಟದಲ್ಲಿ ಅದನ್ನು ನಡೆಸುವ ಬಗೆಯನ್ನು ೧೯೮೫ರಿಂದ ೧೯೯೦ರ ವರೆಗೆ ನಿಮ್ಹಾನ್ಸ್ ಪ್ರಯೋಗಿಸಿ ನೋಡಿದುದು ನಮ್ಮ ಬಳ್ಳಾರಿಯಲ್ಲಿ. ೧೯೯೬ರಲ್ಲಿ ದೇಶಕ್ಕೆಲ್ಲ ಮಾದರಿಯಾದುದು ಅದೇ. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ-ಮಾನಸ್ ಸಹಾಯವಾಣಿ ಆರಂಭವಾಯಿತು; ೧೪೪೧೬ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೫ರ ಜುಲೈ ೨೫ರ ತೀರ್ಪಿನಲ್ಲಿ ವಿಧಿಸಿದೆ. ಚಿತ್ರ ತೋರಿಸುವ ದಿನ ಆ ಕಾಲೇಜಿನಲ್ಲಿ ಅಂಥವರು ಇದ್ದಾರೆಯೇ, ಅವರ ಕೊಠಡಿಯ ಬಾಗಿಲು ಪ್ರಾಂಶುಪಾಲರ ಕೊಠಡಿಯ ಎದುರಿಗಿದೆಯೇ ಅಥವಾ ಯಾರೂ ನೋಡದೆ ಹೋಗಿ ಬರಬಹುದಾದ ಕಡೆಯಿದೆಯೇ, ಹುಮನಾಬಾದಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಬೀದರಿಗೆ ಹೋಗಿ ಮನೋವೈದ್ಯರನ್ನು ಕಂಡು ಸಂಜೆಯ ಬಸ್ಸಿಗೆ ಮರಳಬಹುದೇ ಎಂಬುದನ್ನು ಸಮೀಕ್ಷಕರು ಸ್ವತಃ ನೋಡಿ ಬರೆದುಕೊಳ್ಳಬೇಕು. ಇದಕ್ಕೆ ವಿದ್ಯಾರ್ಥಿಗಳನ್ನು ಕೇಳುವ ಅಗತ್ಯವೇ ಇಲ್ಲ. ಬಾಗಿಲೇ ಇಲ್ಲದ ಕಡೆ 'ಬಾಗಿಲು ತಟ್ಟಲು ಹಿಂಜರಿದರು' ಎಂದು ವಿದ್ಯಾರ್ಥಿಗಳ ಮೇಲೆ ತಪ್ಪು ಹೊರಿಸುವ ಸಮ್ಮೇಳನ ಪ್ರಬಂಧಗಳನ್ನು ನಾವು ಸಾಕಷ್ಟು ಕೇಳಿದ್ದೇವೆ.

ಹೋಲಿಕೆಯ ವಿಚಾರವಾಗಿ ಕರಡಿನ ಯೋಜನೆ ಸರಳವಾದುದು: ಬಸವಕಲ್ಯಾಣದಲ್ಲಿ ಚಿತ್ರ ತೋರಿಸುವುದು, ಹುಮನಾಬಾದಿನಲ್ಲಿ ತೋರಿಸದಿರುವುದು, ಎರಡೂ ಊರುಗಳ ಉತ್ತರಗಳನ್ನು ತೂಗಿ ನೋಡುವುದು. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ, ೨೦೧೭ರಿಂದ ಬೀದರ್–ಕಲಬುರಗಿ ರೈಲುಮಾರ್ಗವೂ ಅದಕ್ಕೆ ದೊರೆತಿದೆ. ಬಸವಕಲ್ಯಾಣ ಹೆದ್ದಾರಿಯಿಂದ ಒಳಗಿದೆ. ಎರಡು ಊರುಗಳ ಉತ್ತರಗಳಲ್ಲಿ ಕಾಣುವ ವ್ಯತ್ಯಾಸ ಚಿತ್ರದ್ದೋ ಊರಿನದೋ ಎಂದು ಹೇಳುವುದು ಹೇಗೆ? ಅಲ್ಲದೆ ನಡುವಿನ ರಾಜೇಶ್ವರದಂಥ ಊರುಗಳಿಂದ ಅಣ್ಣ ಒಂದು ಪಟ್ಟಣಕ್ಕೂ ತಂಗಿ ಇನ್ನೊಂದಕ್ಕೂ ಬಸ್ಸು ಹಿಡಿಯುವುದುಂಟು. ಚಿತ್ರದ ಕಥೆ ಮರುದಿನವೇ ಹುಮನಾಬಾದಿಗೆ ತಲುಪಿರುತ್ತದೆ. ಇದಕ್ಕಿಂತ, ಎರಡೂ ಊರುಗಳ ಪ್ರತಿಯೊಂದು ಕಾಲೇಜಿನಲ್ಲಿ ವಿಭಾಗಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದು ಎತ್ತಿ, ಅರ್ಧ ವಿಭಾಗಗಳಿಗೆ ಮೊದಲು, ಉಳಿದವಕ್ಕೆ ಏಳು ವಾರಗಳ ಮೇಲೆ ತೋರಿಸುವುದು ಮೇಲು. ಒಂದನೆಯ ವಾರದಲ್ಲೊಮ್ಮೆ, ಆರನೆಯ ವಾರದಲ್ಲೊಮ್ಮೆ ಎಲ್ಲ ವಿಭಾಗಗಳಿಗೂ ಅದೇ ಹಾಳೆಯನ್ನು ಕೊಡಬೇಕು. ಯಾರಿಗೂ ಚಿತ್ರ ತಪ್ಪುವುದಿಲ್ಲ. ವಿಭಾಗದ ಸರಾಸರಿಗಳನ್ನು ಹೋಲಿಸುವುದರಿಂದ ಮೊದಲ ಹಾಳೆಗೂ ಎರಡನೆಯ ಹಾಳೆಗೂ ಗಂಟು ಹಾಕಲು ತಾಯಿಯ ಹೆಸರಿನ ಮೊದಲಕ್ಷರ, ಹುಟ್ಟಿದ ತಾರೀಖು ಮುಂತಾದ ಗುಪ್ತಚಿಹ್ನೆಗಳೂ ಬೇಕಾಗುವುದಿಲ್ಲ. ನಲವತ್ತು ಮಂದಿಯ ತರಗತಿಯಲ್ಲಿ ಅಂಥ ಚಿಹ್ನೆ ಯಾರಿಗೂ ಗುಪ್ತವಲ್ಲ. ಒಂದೇ ಗೋಡೆಯೊಳಗಿನ ವಿಭಾಗಗಳ ನಡುವೆಯೂ ಮಾತು ಹರಿಯುತ್ತದೆಂಬುದು ನಿಜ. ಅದು ವ್ಯತ್ಯಾಸವನ್ನು ಇದ್ದುದಕ್ಕಿಂತ ಕಡಿಮೆಯಾಗಿ ತೋರಿಸೀತು, ಇಲ್ಲದ ವ್ಯತ್ಯಾಸವನ್ನು ಹುಟ್ಟಿಸದು.

ಸಂಖ್ಯೆಯ ಬಗೆಗೂ ಒಂದು ಮಾತು. ನಾನೂರು ಹಾಳೆಗಳು ಬಂದರೆ ನಾನೂರು ಸಾಕ್ಷಿಗಳು ದೊರೆತಂತೆ ಕರಡಿನವರು ಭಾವಿಸಿದ್ದಾರೆ. ಒಂದೇ ತರಗತಿಯ ಹುಡುಗರು ಒಂದೇ ಅಧ್ಯಾಪಕರ ಮಾತು ಕೇಳಿ, ಪಕ್ಕದವನ ಹಾಳೆ ನೋಡಿ, ಒಂದೇ ಬಗೆಯಾಗಿ ಉತ್ತರಿಸುವ ಸಂಭವವುಂಟು. ತರಗತಿಗೆ ನಲವತ್ತು ಮಂದಿಯಂತೆ ಹತ್ತು ತರಗತಿಗಳೆಂದೂ, ತರಗತಿಯೊಳಗಿನ ಸಾಮ್ಯ ಕೇವಲ ೦.೦೫ ಎಂದೂ ಇಟ್ಟುಕೊಂಡರೆ, ಸಂಖ್ಯಾಶಾಸ್ತ್ರದ ಸೂತ್ರದಂತೆ ೧ + (೩೯ × ೦.೦೫) = ೨.೯೫ ಎಂಬ ಭಾಜಕ ದೊರೆಯುತ್ತದೆ. ನಾನೂರು ಹಾಳೆಗಳ ತೂಕ ಸುಮಾರು ೧೩೬ ಸ್ವತಂತ್ರ ಉತ್ತರಗಳಷ್ಟು ಮಾತ್ರ. ತರಗತಿಗಳ ಸಂಖ್ಯೆಯನ್ನು ಹೆಚ್ಚಿಸದೆ ತರಗತಿಯೊಳಗಿನ ಹಾಳೆಗಳನ್ನು ಹೆಚ್ಚಿಸುವುದರಿಂದ ಹೆಚ್ಚಿನ ಫಲವಿಲ್ಲ. ಮಾರ್ಚಿ ತಿಂಗಳ ಪರೀಕ್ಷೆಯ ಹೊಸ್ತಿಲಲ್ಲಾಗಲಿ, ಜನವರಿಯಲ್ಲಿ ನಡೆಯುವ ಹುಮನಾಬಾದಿನ ಜಾತ್ರೆಯ ವಾರದಲ್ಲಾಗಲಿ ಸಮೀಕ್ಷೆ ಇಟ್ಟುಕೊಳ್ಳಬಾರದೆಂಬುದನ್ನು ಸ್ಥಳೀಯರಿಗೆ ಹೇಳಬೇಕಾಗಿಲ್ಲ. ಕರಡಿನ ವೇಳಾಪಟ್ಟಿಯಲ್ಲಿ ಎರಡೂ ಸೇರಿವೆ.

ಒಪ್ಪಿಗೆಯ ಪ್ರಶ್ನೆ ಕಠಿನವಾದುದು. ಪದವಿಪೂರ್ವ ವಿದ್ಯಾರ್ಥಿಗಳಲ್ಲಿ ಬಹುಪಾಲು ಹದಿನೆಂಟರೊಳಗಿನವರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ಮಾರ್ಗಸೂಚಿಯಂತೆ ಪಾಲಕರ ಅನುಮತಿಯೂ ವಿದ್ಯಾರ್ಥಿಯ ಲಿಖಿತ ಸಮ್ಮತಿಯೂ ಬೇಕು. ಆದರೆ 'ಮಾನಸಿಕ ಆರೋಗ್ಯ ಸಮೀಕ್ಷೆ' ಎಂಬ ತಲೆಬರಹದ ಕಾಗದ ಮನೆಗೆ ಹೋದರೆ, ಮಗಳಿಗೆ ಏನೋ ಆಗಿದೆಯೆಂದು ಮನೆಯವರು ಶಂಕಿಸಿಯಾರು. ಮದುವೆಯ ಮಾತು ನಡೆಯುತ್ತಿರುವ ಮನೆಯಾದರಂತೂ ಹೇಳಬೇಕಿಲ್ಲ. ಸತ್ಯವನ್ನು ಮರೆಮಾಡದೆ, ಕಾಗದವನ್ನು ಎಲ್ಲ ಮನೆಗಳಿಗೂ ಒಂದೇ ದಿನ ಕಳುಹಿಸಿ, ಪಾಲಕರ ಸಭೆಯಲ್ಲಿ ಬಾಯಿಮಾತಿನಿಂದ ವಿವರಿಸುವುದು ಉಚಿತ. ಒಲ್ಲೆನೆಂದವರಿಗೆ ಆ ಗಂಟೆಯಲ್ಲಿ ಗ್ರಂಥಾಲಯದ ಬಾಗಿಲು ತೆರೆದಿರಬೇಕು. ಹಾಜರಿ ಪುಸ್ತಕವನ್ನು ಆ ದಿನ ಚಿತ್ರಮಂದಿರಕ್ಕೆ ತರಬಾರದು.

ಹಾಜರಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ತರಗತಿಯಲ್ಲಿ ನಡೆಯುವ ಸಮೀಕ್ಷೆಗೆ ಸಿಗುವವರು ಅಂದು ತರಗತಿಗೆ ಬಂದವರು. ಮನಸ್ಸು ಮುರಿದವನು ಮೊದಲು ಬಿಡುವುದೇ ತರಗತಿಯನ್ನು. ಶುಲ್ಕ ಕಟ್ಟಲಾಗದೆ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋದವನು, ನಡುವೆ ಮದುವೆಯಾಗಿ ಓದು ಬಿಟ್ಟವಳು, ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಎರಡನೆಯ ಸಲ ಕೂರಲೆಂದು ಮನೆಯಲ್ಲಿಯೇ ಉಳಿದವನು, ಇವರಾರೂ ಈ ನಾನೂರರಲ್ಲಿ ಇಲ್ಲ. ಅಂದು ಗೈರುಹಾಜರಾದವರ ಸಂಖ್ಯೆಯನ್ನು, ಹೆಸರನ್ನಲ್ಲ, ಪ್ರತಿ ತರಗತಿಗೂ ಬರೆದುಕೊಂಡು ಫಲಿತಾಂಶದ ಪಕ್ಕದಲ್ಲಿಯೇ ಅಚ್ಚು ಹಾಕಬೇಕು. ಅವರ ಗೆಳೆಯರ ಮೂಲಕ, ಊರಿನ ಗ್ರಂಥಾಲಯದಲ್ಲಿ ಇನ್ನೊಂದು ಪ್ರದರ್ಶನ ಏರ್ಪಡಿಸಿ ಕೆಲವರನ್ನಾದರೂ ತಲುಪಲು ಯತ್ನಿಸಬಹುದು.

ಹಾಳೆಗಳನ್ನು ಹಂಚುವವರು ಹೊರಗಿನವರಾಗಿರಬೇಕು. ಹುಡುಗಿಯರ ಕಡೆಗೆ ಹೆಂಗಸರು. ಒಂದೇ ಬಣ್ಣದ ಲೇಖನಿಗಳನ್ನು ಕೊಟ್ಟು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ವಿದ್ಯಾರ್ಥಿಗಳೇ ಹಾಕುವಂತೆ ಮಾಡಿ, ಕಾಲೇಜಿನ ಆವರಣದಲ್ಲಿ ತೆರೆಯದೆ ಒಯ್ಯಬೇಕು. ಲೆಕ್ಕ ತೆಗೆದ ಮೇಲೆ ಹಾಳೆಗಳನ್ನು ನಾಶಮಾಡಬೇಕೆಂದು ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಕಾಗದವನ್ನು ಸುಡಬೇಕೆಂದು ಇತಿಹಾಸದವರು ಹೇಳುವುದು ಅಪರೂಪ. ಆದರೂ ಈ ಕಾಗದಗಳ ವಿಷಯದಲ್ಲಿ ಹಾಗೆಯೇ ಆಗಬೇಕು. ಉಳಿಸತಕ್ಕದ್ದು ಬೇರೆ: ಎಲ್ಲ ಭಾಷೆಗಳ ಖಾಲಿ ಪ್ರಶ್ನಾವಳಿಗಳು, ಪ್ರಶ್ನೆಗಳನ್ನು ತಿದ್ದಿದ ಪ್ರತಿಗಳು, ಮತ್ತು ಪ್ರತಿಯೊಂದು ಪ್ರದರ್ಶನದ ಟಿಪ್ಪಣಿ. ಯಾವ ದಿನ, ಯಾವ ಕೊಠಡಿ, ಎಷ್ಟು ಮಂದಿ, ಬಾಗಿಲಲ್ಲಿ ಯಾರು ನಿಂತಿದ್ದರು, ಕರೆಂಟು ಎಷ್ಟು ಹೊತ್ತು ಹೋಗಿತ್ತು, ಚಿತ್ರದ ಯಾವ ಭಾಗದಲ್ಲಿ ಹಿಂದಿನ ಸಾಲಿನವರು ನಕ್ಕರು, ಯಾರಾದರೂ ಎದ್ದು ಹೊರಗೆ ಹೋದರೇ, ಹೋದವರ ಹಿಂದೆ ಯಾರಾದರೂ ಹೋದರೇ.